ವರನನ್ನು ಹಿಂಜಿ ನೋಡಿದ ಗುಲಾಬಸಾಬ

ಕಮರಿಪೇಟೆಯ ಪಿಂಜಾರ ಗುಲಾಬಸಾಬ ಎಡಗಣ್ಣು ಮುಚ್ಚಿದನೆಂದರೆ ಓಣಿಯ ಗಂಡಸರು ಅವಸರದಿಂದ ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದರು. ತೆರೆದುಳಿದ ಬಲಗಣ್ಣು ಅಂಗಿ, ಚರ್ಮ, ಎಲುಬು ಎಲ್ಲವನ್ನೂ ದಾಟಿ ನೆಟ್ಟಗೆ ಪಿತ್ತಕೋಶಕ್ಕೆ ಹೋಗಿ ನಿಲ್ಲುತ್ತದೆಂದು ಹುಬ್ಬಳ್ಳಿಯ ಅರ್ಧ ಭಾಗದಲ್ಲಿ ಪ್ರತೀತಿಯಿತ್ತು. ಉಳಿದರ್ಧಕ್ಕೆ ಅವನಿನ್ನೂ ಹೋಗಿರಲಿಲ್ಲ. ಹತ್ತಿ ಹಿಂಜುವ ಬಿಲ್ಲನ್ನು ಹೆಗಲಿಗೇರಿಸಿ ಬೀದಿಗಿಳಿದರೆ ದಂಡಯಾತ್ರೆಗೆ ಹೊರಟ ಚಕ್ರವರ್ತಿಯೇ ಸರಿ. ಆದರೆ ಚಕ್ರವರ್ತಿಗಳ ಮೀಸೆಯಲ್ಲಿ ಅಷ್ಟು ಅರಳೆ ಸಿಕ್ಕಿಕೊಂಡಿರುವುದಿಲ್ಲ.

ಮನೆಮನೆಯ ಹಳೆಯ ಗಾದಿ ಬಿಚ್ಚುವವನಿಗೆ ಜಗತ್ತಿನ ಮೇಲೆ ನಂಬಿಕೆ ಎಲ್ಲಿಂದ ಬರಬೇಕು? ಮೇಲೆ ಹೂವಿನ ಚಿತ್ತಾರದ ಗವಸು, ಒಳಗೆ ಹತ್ತು ವರ್ಷದ ಕಥೆ. “ಹೊಲಿಗಿ ಬಿಚ್ಚೂತನಾ ಎಲ್ಲಾ ಗಾದೀನೂ ಛಲೋನ ಇರ್ತಾವ” ಎನ್ನುತ್ತಿದ್ದ.

ಅವನ ಸಂಶಯಕ್ಕೆ ಮನೆಯೊಳಗೇ ಕಾರಣಗಳಿದ್ದವು. ಅಣ್ಣ ಗೌಸಮೊದ್ದೀನ ಸಾರಾಯಿಗೆ ಬಿದ್ದ. ಮೊದಲು ಕಣ್ಣು ಅರಿಷಿಣವಾದವು, ಆಮೇಲೆ ಕೈಕಾಲು ಕಡ್ಡಿಯಾಗಿ ಹೊಟ್ಟೆಯೊಂದೇ ತುಂಬಿದ ಗಾದಿಯಂತೆ ಉಬ್ಬಿತು, ಕೊನೆಗೆ ರಕ್ತ ಕಾರಿ ಹೋದ. ತಂಗಿ ರೆಹಮತ್‌ಬಿಯನ್ನು ಕೊಟ್ಟದ್ದು ಊರೂರು ತಿರುಗುವ ಅರಿವೆ ವ್ಯಾಪಾರಿಗೆ. ಅವನು ತಿರುಗಿದ ಊರುಗಳಿಂದ ಗರ್ಮಿ ಎಂಬ ಗುಹ್ಯರೋಗ ತಂದು ಹೆಂಡತಿಗೂ ಹಂಚಿದ. ಎರಡು ಕೂಸು ಹೊಟ್ಟೆಯಲ್ಲೇ ಸತ್ತವು. ಮೂರನೆಯದು ಬದುಕಿತು, ಶಾಲೆಗೆ ಹೋಗುವ ವಯಸ್ಸಿನಲ್ಲಿ ಅದರ ಕಣ್ಣಿನ ಮೇಲೆ ಮಬ್ಬು ಕವಿಯಿತು. ವ್ಯಾಪಾರಿಯೋ, ತನ್ನ ಕಾಲು ನೆಲದ ಮೇಲಿದೆಯೋ ಇಲ್ಲವೋ ತನಗೇ ತಿಳಿಯದೆ ಗೋಡೆ ಹಿಡಿದು ನಡೆಯುತ್ತಿದ್ದ. ಕೊನೆಗಾಲಕ್ಕೆ ತಾನು ದಿಲ್ಲಿಯ ಬಾದಶಹನೆಂದು ಹೇಳಿಕೊಳ್ಳುತ್ತಿದ್ದ.

ಹೀಗಿರುವಾಗ ಸಾವಿರದ ಒಂಬೈನೂರ ಮೂವತ್ತೆಂಟರ ಚಳಿಗಾಲದಲ್ಲಿ ಗುಲಾಬಸಾಬನ ಒಬ್ಬಳೇ ಮಗಳು ಅಬೀದಾಳಿಗೆ ವರ ಬಂತು. ತಂದವಳು ಓಣಿಯ ಮದುವೆಗಳ ಮಹಾಮಂತ್ರಿ ಕರೀಮಾಬಿ. ವರ ಅವಳ ಅಕ್ಕನ ಮಗ ಶರೀಫಸಾಬ. ಮುಂಬೈ ಬಂದರಿನಲ್ಲಿ ಕೆಲಸ, ಮೈಮೇಲೆ ರೇಶಿಮೆ ಅಂಗಿ.

“ಹುಡುಗಾ ಬಂಗಾರ ಅದಾನ ಗುಲಾಬಣ್ಣಾ. ಬೀಡಿ ಸೈತ ಮುಟ್ಟಂಗಿಲ್ಲ” ಎಂದಳು ಕರೀಮಾಬಿ.

“ಮುಂಬೈದಾಗ ಆರು ವರ್ಷ ಇದ್ದು ಬೀಡಿ ಮುಟ್ಟದಾಂವ ಮತ್ತೇನರೆ ಮುಟ್ಟಿರಬೇಕು.”

“ಗಾದಿ ಅಲ್ಲೋ ಯಪ್ಪಾ ಅದು, ವರಾ!”

“ಗಾದಿ ಆದ್ರ ಹೊಳ್ಳಿ ಹಿಂಜಬಹುದವ್ವಾ.”

ಶರೀಫಸಾಬ ಶರಬತ್ತು ಕುಡಿಯಲು ಬಂದ ದಿನ ಇಡೀ ಓಣಿ ಕಿಟಕಿಗಳಲ್ಲಿ ನೆರೆದಿತ್ತು. ಗುಲಾಬಸಾಬ ಎಡಗಣ್ಣು ಮುಚ್ಚಿ ವರನ ಸುತ್ತ ಒಂದು ಪ್ರದಕ್ಷಿಣೆ ಹಾಕಿದ. ಸಂಶಯವೆಂಬುದು ಕಣ್ಣುಬೇನೆಯ ಹಾಗೆ, ಓಣಿಯವರಾದ ನಮಗೂ ಹತ್ತಿಕೊಂಡಿತು. ಟೊಪ್ಪಿಗೆ ತೆಗೆಯಲಿಲ್ಲವಲ್ಲ, ತಲೆ ಬೋಳಿರಬೇಕು. ಶರಬತ್ತು ಅರ್ಧಕ್ಕೇ ಬಿಟ್ಟನಲ್ಲ, ಮುಂಬೈಯಲ್ಲಿ ಇನ್ನೊಬ್ಬಳಿರಬೇಕು. ಪಕ್ಕದ ಮನೆಯ ಬಾಳವ್ವನಂತೂ ಗುಲಾಬಸಾಬನನ್ನೇ ಸಂಶಯಿಸಿದಳು: “ಮಗಳ ಕೈಯಾಗಿನ ರೊಟ್ಟಿ ತಪ್ಪತಾವಲ್ಲಾ, ಅದಕ್ಕ ನಾಟಕ.”

ಮರುದಿನ ಗುಲಾಬಸಾಬ ವರನನ್ನು ಒಬ್ಬನೇ ಬರಹೇಳಿ ಹಿತ್ತಲಲ್ಲಿ ಹತ್ತಿಯ ರಾಶಿಯ ಮುಂದೆ ಕೂಡಿಸಿಕೊಂಡ. ನಾವು ಗೋಡೆಗೆ ಕಿವಿ ಹಚ್ಚಿದೆವು. ಬಿಲ್ಲಿನ ಹೆದೆಯ ಜುಂಯ್‌ಗುಟ್ಟುವ ಸದ್ದೊಂದೇ ಕೇಳಿತು. ಕಲ್ಲೇರಿ ಇಣುಕಿದ ಬಾಳವ್ವ ವರದಿ ಕೊಟ್ಟಳು: ಹತ್ತಿ ಹಾರುತ್ತಿದೆ, ಕಣ್ಣು ಮುಚ್ಚಿದೆ, ವರನ ತಲೆ ಬಗ್ಗಿತು. ಸ್ವಲ್ಪ ಹೊತ್ತಿನಲ್ಲಿ ಇಬ್ಬರೂ ಮೈತುಂಬ ಅರಳೆ ಹೊತ್ತು ಡಾಕ್ಟರ್ ಪಂಢರಿನಾಥರ ದವಾಖಾನೆಯ ಕಡೆ ನಡೆದರು.

ಅಲ್ಲಿ ಶರೀಫಸಾಬನ ರಕ್ತ ತೆಗೆದು ಪುಣೆಗೆ ಪರೀಕ್ಷೆಗೆ ಕಳಿಸಿದರಂತೆ. ಪುಣೆಯಿಂದ ಉತ್ತರ ಬಂದ ದಿನವೇ ಗುಲಾಬಸಾಬ ನಿಶ್ಚಿತಾರ್ಥ ನಿಲ್ಲಿಸಿದ. ಕಾರಣ ಕೇಳಿದರೆ “ಸದ್ಯಕ್ಕ ಬ್ಯಾಡ” ಎಂದಷ್ಟೇ.

ಕರೀಮಾಬಿ ನಡುಬೀದಿಯಲ್ಲಿ ಸೆರಗು ಸೊಂಟಕ್ಕೆ ಸಿಗಿಸಿ ಯುದ್ಧಕ್ಕೆ ನಿಂತಳು. “ನನ್ನ ಮಗನಂಥಾ ಹುಡುಗನ್ನ ಒಲ್ಲೆ ಅಂತೀ? ನಿನ್ನ ಮಗಳು ಯಾವ ಅರಮನಿಯಾಗ ಹುಟ್ಟ್ಯಾಳ? ಏನ ದೋಷಾ ಕಂಡಿ, ನಾಲ್ಕ ಮಂದ್ಯಾಗ ಹೇಳು!”

ಗುಲಾಬಸಾಬ ಕಟ್ಟೆಯ ಮೇಲೆ ಹತ್ತಿ ಹಿಂಜುತ್ತಲೇ ಇದ್ದ. ಅವನಿಗೆ ಬಿದ್ದ ಬೈಗುಳಗಳನ್ನು ತುಂಬಿದ್ದರೆ ಎರಡು ಗಾದಿಗಳಾಗುತ್ತಿದ್ದವು. ಹಿಂದೆ ನಿಂತಿದ್ದ ಶರೀಫಸಾಬನೇ ಮುಂದೆ ಬಂದ.

“ಸಾಕು ಬಿಡ ಚಿಗವ್ವಾ. ಕಾಕಾನ್ನ ಬೈಬ್ಯಾಡ. ದೋಷಾ ನನ್ನ ರಕ್ತದಾಗ ಅದ.”

ಓಣಿಯ ಕಿಟಕಿಗಳು ಇನ್ನಷ್ಟು ತೆರೆದುಕೊಂಡವು. ಶರೀಫಸಾಬ ಮುಂದುವರಿಸಿದ:

“ಎರಡ ವರ್ಷದ ಹಿಂದ ಮುಂಬೈದಾಗ ಹೋಗಬಾರದಲ್ಲಿ ಹೋಗಿದ್ನಿ. ಗರ್ಮಿ ಹುಣ್ಣಾತು. ಅಲ್ಲೊಬ್ಬ ವೈದ್ಯ ಪಾದರಸದ ಹೊಗಿ ಕೊಟ್ಟಾ. ನನ್ನ ಹಲ್ಲು ಅಳ್ಳಾಡಿದ್ವು, ಹುಣ್ಣು ಮಾಯ್ತು. ನಾ ಪಾರಾದೆ ಅನ್ಕೊಂಡಿದ್ನಿ. ಹುಣ್ಣು ತಾನ ಮಾಯ್ತೈತಂತ, ರೋಗ ಹೋಗಂಗಿಲ್ಲಂತ. ವರ್ಷಗಟ್ಟಲೆ ರಕ್ತದಾಗ ಸುಮ್ಮನ ಕೂತು ಆಮ್ಯಾಲ ಎದ್ಯಾಗಿನ ದೊಡ್ಡ ರಕ್ತನಾಳಾ ಹಿಗ್ಗಸ್ತೈತಿ, ಮಿದುಳಿಗೆ ಏರ್ತೈತಿ ಅಂದ್ರು ಡಾಕ್ಟರು. ಹಿಂಗ ಲಗ್ನಾದ್ರ ಆಕಿಗೂ ಬರ್ತಿತ್ತು, ಹುಟ್ಟೋ ಕೂಸಿಗೂ.”

ಕರೀಮಾಬಿಯ ಸೆರಗು ಸೊಂಟದಿಂದ ಮೆಲ್ಲಗೆ ಇಳಿದು ಕಣ್ಣಿಗೆ ಹೋಯಿತು. ವರ್ಷಕ್ಕೂ ಮೇಲ್ಪಟ್ಟು ವಾರವಾರವೂ ಸೂಜಿ ಚುಚ್ಚಿಸಿಕೊಳ್ಳಬೇಕಂತೆ. ಅದಕ್ಕಾಗಿ ಶರೀಫಸಾಬ ಮುಂಬೈ ಬಿಟ್ಟು ಹುಬ್ಬಳ್ಳಿಯಲ್ಲೇ ಉಳಿದ. ಅಬೀದಾ ಮಾತ್ರ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡು, “ಮೊದಲ ಆರಾಮ ಆಗಲಿ. ಆಮ್ಯಾಲ ನನ್ನ ಕೇಳ್ರಿ” ಎಂದು ಒಳಗೆ ಹೋದಳು.

ಗುಲಾಬಸಾಬನ ಕೀರ್ತಿ ಅಂದಿನಿಂದ ಧಾರವಾಡದ ಗಡಿ ದಾಟಿತು. ರೇಶಿಮೆಯ ಅಂಗಿಯೊಳಗೆ ರಕ್ತನಾಳ ಹಿಗ್ಗುವುದನ್ನು ಕಂಡನಂತೆ! ರೋಗದ ಹುಳ ಎದೆಯಲ್ಲಿ ಹರಿಯುವ ಸದ್ದಿಗೆ ಬಿಲ್ಲಿನ ಹೆದೆ ತಾನೇ ನಡುಗಿತಂತೆ! ಕೆಲಗೇರಿಯಿಂದ ಒಬ್ಬರು ತಮ್ಮ ಅಳಿಯನನ್ನು ತೋರಿಸಲು ಟಾಂಗಾ ಮಾಡಿಕೊಂಡು ಬಂದಿದ್ದರು.

ಕರೀಮಾಬಿಗೆ ತಡೆಯಲಾಗಲಿಲ್ಲ. ಒಂದು ಸಂಜೆ ಅವನ ಕಟ್ಟೆಗೆ ಬಂದು, ನಾವೆಲ್ಲ ಕೇಳುತ್ತಿರುವಾಗ, ಧ್ವನಿ ತಗ್ಗಿಸಿ ಕೇಳಿದಳು: “ಖರೇ ಹೇಳ ಗುಲಾಬಣ್ಣಾ. ಆವತ್ತ ಹಿತ್ತಲದಾಗ ಆ ಹುಡುಗನ ಮೈಯಾಗ ಏನ ಕಂಡಿ?”

ಗುಲಾಬಸಾಬ ಮೀಸೆಯ ಅರಳೆ ಕಿತ್ತು ಬಿಸಾಕಿದ.

“ಏನೂ ಕಾಣಲಿಲ್ಲ. ‘ಮುಂಬೈದಾಗ ಹುಣ್ಣು ಆಗಿತ್ತೇನಪಾ’ ಅಂತ ಕೇಳಿದ್ನಿ. ‘ಹೂಂ’ ಅಂದಾ.”