ಚೆಕಿಂಗಮ್ಮನ ಬೆಂಚು

ನಿಂತು ನಿಂತೇ ಅರ್ಧ ಆಯುಷ್ಯ ಸವೆಸಿದವಳು ಚೆಕಿಂಗಮ್ಮ. ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಹೊಲಿದು ಬಂದ ಅಂಗಿಗಳನ್ನು ಮೇಜಿನ ಮೇಲೆ ಹರಡಿ, ಕಾಲರಿನಿಂದ ಅಂಚಿನವರೆಗೆ ಕಣ್ಣಾಡಿಸಿ, ತಪ್ಪು ಸಿಕ್ಕರೆ ‘ಚ್ಚು’ ಎಂದು ಬುಟ್ಟಿಗೆ ಎಸೆಯುವುದು ಅವಳ ಕೆಲಸವಾಗಿತ್ತು. ‘ಚೆಕಿಂಗ್’ ಎನ್ನುವ ಆ ಕೆಲಸದಿಂದಲೇ ಹೆಸರೂ ಬಂತು. ಕೂತರೆ ಕಣ್ಣಿಗೆ ನಿದ್ದೆ ಹತ್ತುತ್ತದೆ ಎಂಬುದು ಸೂಪರ್‌ವೈಸರನ ಸಿದ್ಧಾಂತ. ಹಾಗಾಗಿ ಇಡೀ ಹಾಲಿನಲ್ಲಿ ಒಂದು ಸ್ಟೂಲೂ ಇರಲಿಲ್ಲ.

ಕಾರ್ಖಾನೆ ಮುಚ್ಚಿತು. ಮೊಣಕಾಲುಗಳು ಮಾತ್ರ ಮುಷ್ಕರ ಮುಂದುವರಿಸಿದವು.

ಮನೆಯಲ್ಲಿ ಮಧ್ಯಾಹ್ನ ಕೂರಲು ಜಾಗವಿಲ್ಲ. ಒಳಕೋಣೆಯಲ್ಲಿ ರಾತ್ರಿ ಪಾಳಿ ಮುಗಿಸಿ ಬಂದ ಮಗನ ಗೊರಕೆ. ಹೊರಕೋಣೆಯಲ್ಲಿ ಸೊಸೆಯ ಟ್ಯೂಷನ್, ಮಂಚದ ಮೇಲೂ ಮಕ್ಕಳು. “ಅತ್ತೆ, ಒಂದು ಸುತ್ತು ಹೋಗಿ ಬನ್ನಿ. ಬರೋಷ್ಟ್ರಲ್ಲಿ ಟೀ ಇಟ್ಟಿರ್ತೀನಿ” ಎನ್ನುವಾಗ ಸೊಸೆಯ ಮುಖ ದಿನವೂ ಸಣ್ಣಗಾಗುತ್ತದೆ. ಅದನ್ನು ನೋಡಲಾರದೆ ಚೆಕಿಂಗಮ್ಮ ಬೇಗಬೇಗ ಚಪ್ಪಲಿ ಮೆಟ್ಟುತ್ತಾಳೆ.

ಹಾಗೆ ಹೊರಟ ಒಂದು ದಿನ ಕಾಲು ಹಳೆಯ ಅಭ್ಯಾಸದಂತೆ ಕಾರ್ಖಾನೆಯ ಬೀದಿಗೇ ತಿರುಗಿತು. ಬೀದಿಗೆ ಕಲೆ ಹಿಡಿದಿತ್ತು. ಗೋದಾಮುಗಳೆಲ್ಲ ಗ್ಯಾಲರಿಗಳಾಗಿದ್ದವು. ಬೇರಿಂಗ್ ಮಾರುತ್ತಿದ್ದಲ್ಲಿ ಒಡೆದ ಬೇಸಿನ್ನಿಗೆ ದೀಪ ಹಾಕಿದ್ದರು. ಟೈರಿನಂಗಡಿಯಲ್ಲಿ ಈಗಲೂ ಟೈರೇ ಇತ್ತು, ಬೆಲೆ ಮಾತ್ರ ಬೇರೆ. ಗೋಡೆಗಳು ಆಸ್ಪತ್ರೆಗಿಂತ ಬಿಳಿ. ಜನರೂ ರೋಗಿಯನ್ನು ನೋಡಲು ಬಂದವರಂತೆ ಪಿಸುಗುಡುತ್ತಿದ್ದರು. ಅವಳ ಕಾರ್ಖಾನೆಯ ಹಾಲೂ ಗ್ಯಾಲರಿಯಾಗಿತ್ತು. ಚೆಕಿಂಗ್ ಮೇಜಿದ್ದ ಜಾಗದಲ್ಲಿ, ಒಂದು ದೊಡ್ಡ ಬೂದು ಚಿತ್ರದ ಎದುರು, ಅಗಲವಾದ ಮರದ ಬೆಂಚು.

ಬಾಗಿಲಲ್ಲಿ ಕಾರ್ಖಾನೆಯ ಹಳೆಯ ಕಾವಲುಗಾರನೇ ನಿಂತಿದ್ದ. ಹೆಂಗಸರು ಗೋಡೆಗೆ ಒರಗಿದರೂ ಸೂಪರ್‌ವೈಸರನಿಗೆ ಸುದ್ದಿ ಮುಟ್ಟಿಸುತ್ತಿದ್ದ ಅವನಿಗೆ ಈಗ ಕಪ್ಪು ಕೋಟು ತೊಡಿಸಿದ್ದರು.

“ಏನಮ್ಮ, ಇಷ್ಟು ಲೇಟು?”

“ಸಂಬಳ ಕಟ್ ಮಾಡ್ಸಪ್ಪ. ಒಳಗೆ ಕೂರಬಹುದಾ?”

“ಕೂರೋಕೇ ಹಾಕಿರೋದು, ಹೋಗು.”

ಅವಳು ಕೂತಳು. ಯಾರೂ ಬೈಯಲಿಲ್ಲ. ಆದರೂ ಆಗಾಗ ಬಾಗಿಲ ಕಡೆ ನೋಡಿಕೊಂಡಳು.

ಆಮೇಲೆ ದಿನವೂ ಬಂದಳು. ಎದುರಿಗೆ ಏನಿದ್ದರೂ ಮೇಲಿಂದ ಕೆಳಗೆ ಕಣ್ಣಾಡಿಸುವುದು ಬಿಡದ ಚಟ, ಕೊನೆಗೊಂದು ‘ಚ್ಚು’. ಆ ‘ಚ್ಚು’ ಗ್ಯಾಲರಿಯವರ ಎದೆ ನಡುಗಿಸಿತು. ಯಾವುದೋ ಭಾರೀ ಶ್ರೀಮಂತನಿಗೆ ಚಿತ್ರ ಆರಿಸಿಕೊಡುವವಳಿರಬೇಕು ಎಂದು ಗುಸುಗುಸು ಹಬ್ಬಿತು. ಬೂದು ಚಿತ್ರ ಬರೆದವನು ಬಂದು ಅವಳ ಬೆನ್ನ ಹಿಂದೆ ಉಸಿರು ಬಿಗಿಹಿಡಿದು ನಿಂತು ಹೋದ.

ಒಂದು ದಿನ ಗ್ಯಾಲರಿಯ ಒಡತಿ ತಡೆಯಲಾರದೆ ಪಕ್ಕದಲ್ಲಿ ಬಂದು ಕೂತಳು. “ಅಮ್ಮಾ, ಈ ಚಿತ್ರದಲ್ಲಿ ನಿಮಗೆ ಏನು ಕಾಣಿಸುತ್ತೆ?”

“ಏನೂ ಇಲ್ಲಮ್ಮ. ಮೊಣಕಾಲು ನೋವು. ಇದೇ ಹಾಲಲ್ಲಿ ಅಂಗಿ ಚೆಕ್ ಮಾಡ್ತಾ ನಿಂತಿದ್ದೋಳು ನಾನು. ಆಗ ಕೂರೋ ಹಾಗಿರ್ಲಿಲ್ಲ, ಈಗ ಬಂದು ಕೂರ್ತೀನಿ. ಬೇಡ ಅಂದ್ರೆ ಎದ್ದು ಹೋಗ್ತೀನಿ.”

ಹೇಳಿದ ಮೇಲೆ ಅಳುಕಾಯಿತು. ಈ ಬೆಂಚೂ ಹೋದರೆ ಬಸ್‌ಸ್ಟಾಪಿನ ಕಟ್ಟೆಯೇ ಗತಿ. ಆದರೆ ಒಡತಿಯ ಕಣ್ಣಲ್ಲಿ ನೀರು.

“ಎಂಥಾ ಕಥೆ ಅಮ್ಮಾ! ಇದನ್ನೇ ಪ್ರದರ್ಶನ ಮಾಡೋಣ. ನೀವು ಇಲ್ಲಿ ನಿಂತು ಅಂಗಿ ನೋಡ್ತಾ ಇರಿ. ಜನ ನಿಮ್ಮನ್ನ ನೋಡ್ತಾರೆ.”

“ಕೂತು ನೋಡ್ತೀನಿ.”

“ಕೂತರೆ ಅರ್ಥ ಕೆಡುತ್ತೆ.”

“ಅರ್ಥ ಕೆಟ್ರೆ ಕೆಡ್ಲಿ ತಾಯಿ, ಇನ್ನು ಕೆಡೋಕೆ ಮೊಣಕಾಲು ಉಳಿದಿಲ್ಲ.”

ಮುಂದಿನ ವಾರ ಒಂದು ಮಧ್ಯಾಹ್ನ ಹೋದಾಗ ಬೂದು ಚಿತ್ರ ಇರಲಿಲ್ಲ. ಹಾಲಿನಲ್ಲಿ ಬೆಂಚೊಂದೇ ಇತ್ತು. ಸುತ್ತ ಕೆಂಪು ಹಗ್ಗ, ಮೇಲೊಂದು ದೀಪ, ಪಕ್ಕದಲ್ಲಿ ಫಲಕ: ‘ಕೂರಲಾಗದವಳ ಬೆಂಚು’. ಅದರ ಕೆಳಗೆ ನಾಲ್ಕು ಸಾಲಿನಲ್ಲಿ ಅವಳ ಕಥೆ, ಕೊನೆಗೆ ಸಣ್ಣ ಅಕ್ಷರದಲ್ಲಿ, ‘ದಯವಿಟ್ಟು ಕೂರಬೇಡಿ’. ಜನ ಗುಂಪುಗಟ್ಟಿ ನಿಂತು ದುಡಿಯುವವರ ನೋವಿಗೆ ತಲೆದೂಗುತ್ತಿದ್ದರು.

“ಆಯಮ್ಮ ಇನ್ನೂ ಬದುಕಿದ್ದಾರಾ?” ಎಂದರು ಒಬ್ಬರು.

“ಯಾರಿಗೆ ಗೊತ್ತು, ಪಾಪ” ಎಂದರು ಇನ್ನೊಬ್ಬರು, ಚೆಕಿಂಗಮ್ಮನಿಗೆ ದಾರಿ ಬಿಡದೆ.

ಅವಳು ನುಗ್ಗಿಕೊಂಡು ಮುಂದೆ ಬಂದಳು. ಹಗ್ಗವನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದಳು. ‘ಚ್ಚು’ ಎಂದಳು. ನುಸುಳೋಣವೆಂದರೆ ಮೊಣಕಾಲು ಬಗ್ಗದು.

“ಏಯ್, ಬಾ ಇಲ್ಲಿ. ಇದನ್ನ ಬಿಚ್ಚು.”

ಕಾವಲುಗಾರ ಒಡತಿಯ ಕೋಣೆಯತ್ತ ನೋಡಿದ. ಕೋಟು ಕೊಟ್ಟವರು ಅವನಿಗೆ ಕುರ್ಚಿ ಕೊಟ್ಟಿರಲಿಲ್ಲ. ಒಂದು ಕಾಲಿನ ಭಾರವನ್ನು ಇನ್ನೊಂದಕ್ಕೆ ಬದಲಿಸಿದ. ಆಮೇಲೆ ಮೆಲ್ಲಗೆ ಬಂದು ಕೊಕ್ಕೆ ಬಿಚ್ಚಿದ.

ಅವಳು ಕೂತು, ಪಕ್ಕದ ಜಾಗವನ್ನು ಅಂಗೈಯಿಂದ ತಟ್ಟಿದಳು. “ನೀನೂ ಕೂತ್ಕೊ. ನೀನೂ ನಿಂತೇ ಮುದುಕನಾದೋನು.”

“ಮೇಡಂ ಬಂದ್ರೆ?”

“ಇದೂ ಪ್ರದರ್ಶನ ಅನ್ನು.”

ಅವನು ಕೋಟಿನ ಗುಂಡಿ ಬಿಚ್ಚಿ ಕೂತ. ನಿಂತಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ಸೊಸೆ ಟೀಗೆ ಇಡುವ ಹೊತ್ತಾಗುವವರೆಗೆ ಇಬ್ಬರೂ ಏಳಲಿಲ್ಲ.