ಭಾವನಿಗೆ ಬೀಡಿ ಬಿಡಿಸಿದ್ದು

ಬೀಡಿ ಬಿಡಬೇಕೆಂದು ನನಗೆ ಯಾವತ್ತೂ ಅನ್ನಿಸಿರಲಿಲ್ಲ. ಬೇರೆಯವರು ಬಿಡಬೇಕೆಂದು ಮಾತ್ರ ಬಹಳ ಸಲ ಅನ್ನಿಸಿತ್ತು. ಪರೋಪಕಾರ ಬುದ್ಧಿ ನನಗೆ ಚಿಕ್ಕಂದಿನಿಂದಲೂ ಸ್ವಲ್ಪ ಜಾಸ್ತಿ. ಹಾಗಾಗಿ ಅಕ್ಕನ ಗಂಡ ನಾರಾಯಣಪ್ಪನವರಿಗೆ ಬೀಡಿ ಬಿಡಿಸುವ ಕೆಲಸ ನನ್ನ ಪಾಲಿಗೆ ಬಂದಾಗ ಹಿಂದೆಮುಂದೆ ನೋಡದೆ ಒಪ್ಪಿಕೊಂಡೆ. ಒಪ್ಪಿಕೊಳ್ಳುವ ಹೊತ್ತಿಗೆ ನನ್ನ ಕೈಯಲ್ಲೂ ಒಂದು ಉರಿಯುತ್ತಿತ್ತು ಅನ್ನುವುದು ಬೇರೆ ಮಾತು.

ನಮ್ಮದು ದೊಡ್ಡಬಳ್ಳಾಪುರ. ಭಾವನ ಎರಡು ಮಗ್ಗ, ನನ್ನ ಎರಡು ಮಗ್ಗ, ಎಲ್ಲವೂ ಒಂದೇ ಶೀಟಿನ ಸೂರಿನಡಿ. ನಾಲ್ಕೂ ಒಟ್ಟಿಗೆ ಓಡುವಾಗ ಪಕ್ಕದಲ್ಲಿ ನಿಂತವನು ಕೂಗಿಕೊಂಡರೂ ಕೇಳಿಸುವುದಿಲ್ಲ. ರೇಷ್ಮೆಯ ನಡುವೆ ಕಿಡಿ ಕೂಡದಾದ್ದರಿಂದ ಬೀಡಿ ಬೇಕೆಂದರೆ ಹೊರಗೆ ಬರಬೇಕು. ಹೊರಗೆ ಗೋಡೆಯ ಪಕ್ಕ ಒಂದು ಕಲ್ಲು ಚಪ್ಪಡಿ. ದಿನಕ್ಕೆ ಹತ್ತು ಹನ್ನೆರಡು ಸಲ ಭಾವ ಹುಬ್ಬು ಹಾರಿಸುತ್ತಿದ್ದರು, ನಾನು ಮಗ್ಗ ನಿಲ್ಲಿಸಿ ಹಿಂದೆ ಹೋಗುತ್ತಿದ್ದೆ. ಅಕ್ಕನ ಮಗಳಿಗೆ ಗಂಡು ನೋಡಿದ್ದು, ನಾನು ಮನೆಗೆ ತಾರಸಿ ಹಾಕಿಸಬೇಕೋ ಹೆಂಚೇ ಸಾಕೋ ಎಂದು ಯೋಚಿಸಿದ್ದು, ಎಲ್ಲವೂ ಆ ಚಪ್ಪಡಿಯ ಮೇಲೆ, ಹೊಗೆಯ ನಡುವೆ.

ನಮ್ಮ ಭಾಷೆಯೂ ಈ ವಿಷಯದಲ್ಲಿ ಸ್ವಲ್ಪ ಧಾರಾಳ ತೋರಿಸಿದೆ ಅನ್ನಿ. ಬಾವಿಯಿಂದ ನೀರು ಸೇದುತ್ತೇವೆ, ಬೀಡಿಯನ್ನೂ ಸೇದುತ್ತೇವೆ. ಎರಡಕ್ಕೂ ಒಂದೇ ಮಾತು. ನೀರು ಸೇದಿದರೆ ಬಿಂದಿಗೆ ತುಂಬುತ್ತದೆ, ಬೀಡಿ ಸೇದಿದರೆ ಬಾವಿಯೇ ಬತ್ತುತ್ತದೆ ಅನ್ನುವ ವ್ಯತ್ಯಾಸವನ್ನು ಯಾವ ವ್ಯಾಕರಣದ ಮೇಷ್ಟರೂ ನಮಗೆ ಹೇಳಿಕೊಡಲಿಲ್ಲ. ನಮ್ಮ ಬೀದಿಯ ತೆಲುಗು ಮಾತಿನವರು ಇನ್ನೂ ಒಂದು ಹೆಜ್ಜೆ ಮುಂದೆ. ಅವರ ಮಾತಿನಲ್ಲಿ ಬೀಡಿಯನ್ನು ನೇರವಾಗಿ ಕುಡಿದೇಬಿಡುತ್ತಾರೆ. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ. ಬೀಡಿ ನನ್ನ ಹುಟ್ಟುಗುಣವಲ್ಲ. ಆದರೂ ದಿನಕ್ಕೆ ಹನ್ನೆರಡು ಸಲ ಸುಟ್ಟರೂ ಹೋಗಿರಲಿಲ್ಲ.

ಮನೆಗೆ ಬಣ್ಣದ ಟೀವಿ ಬಂದ ವರ್ಷ ಭಾವನಿಗೆ ಕೆಮ್ಮು ಹಿಡಿಯಿತು. ಕಷಾಯಕ್ಕೆ ಬಗ್ಗಲಿಲ್ಲ. ಡಾಕ್ಟರು ಎಕ್ಸ್‌ರೇ ತೆಗೆಸಿ, ಕಿಟಕಿಯ ಬೆಳಕಿಗೆ ಹಿಡಿದು ನೋಡಿ, "ಕ್ಷಯ ಅಲ್ಲ, ಪುಣ್ಯ. ಆದ್ರೆ ಬೀಡಿ ಹೀಗೇ ನಡೆದ್ರೆ ಇನ್ನೆರಡು ವರ್ಷಕ್ಕೆ ಮಗ್ಗದ ಮುಂದೆ ನಿಲ್ಲೋಕೂ ಉಸಿರಿರಲ್ಲ" ಅಂದರು. ಅಕ್ಕ ಅಲ್ಲಿಂದ ನೇರ ನನ್ನ ಹತ್ತಿರ ಬಂದಳು.

"ಲೋ ಗೋಪಾಲ, ನೀನು ಪಕ್ಕದಲ್ಲಿ ಕೂತು ಹೊಗೆ ಬಿಡ್ತಾ ಇದ್ರೆ ಅವರು ಹೆಂಗೋ ಬಿಡ್ತಾರೆ? ಮೊದ್ಲು ನೀನು ಬಿಡು."

"ಬಿಟ್ಟೆ ಅಂದ್ಕೊ ಅಕ್ಕ."

ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. ನನಗೂ ನನ್ನ ತ್ಯಾಗದ ಬಗ್ಗೆ ಕಣ್ಣು ತುಂಬಿ ಬಂತು. ಅವತ್ತೇ ಭಾವನನ್ನು ಕೂರಿಸಿಕೊಂಡು ಉಪದೇಶ ಮಾಡಿದೆ. ಮನಸ್ಸು ಗಟ್ಟಿ ಇರಬೇಕು, ಆಸೆ ಅನ್ನುವುದು ಬರೀ ಭ್ರಮೆ, ಇತ್ಯಾದಿ. ಭಾವ ಎಲ್ಲವನ್ನೂ ಕೇಳಿ, "ಸೋಮವಾರದಿಂದ ನೋಡಣ" ಅಂದರು.

ಸೋಮವಾರ ಬಂತು. ಭಾವ ಯಾವ ಸಿದ್ಧತೆಯನ್ನೂ ಮಾಡಿಕೊಂಡಿರಲಿಲ್ಲ. ನಾನು ಜೇಬಿನ ತುಂಬ ಲವಂಗ, ಸೋಂಪು, ಹುರಿಗಡಲೆ ತುಂಬಿಕೊಂಡು ಯುದ್ಧಕ್ಕೆ ಹೊರಟವನಂತೆ ಹೊರಟೆ. ಮೂರು ದಿನದಲ್ಲಿ ನಾಲಿಗೆ ಲವಂಗದ ಖಾರಕ್ಕೆ ಮರಗಟ್ಟಿತು. ಹೆಂಡತಿ ಜಯಮ್ಮ ಖಾಲಿ ಡಬ್ಬ ಹಿಡಿದುಕೊಂಡು ಬಂದು, "ರೀ, ಚಟ್ನಿಗೆ ಒಂದು ಹಿಡಿ ಕಡ್ಲೆ ಇಲ್ಲ. ನೀವು ಚಟ ಬಿಡ್ತಿದ್ದೀರೋ, ಇನ್ನೊಂದು ಹಿಡೀತಿದ್ದೀರೋ?" ಎಂದು ಕೇಳಿದಳು. ನಾನು ಅವಳ ಮೇಲೆ ರೇಗಿದೆ. ಮಗ್ಗದಲ್ಲಿ ಹಾಸಿನ ಎಳೆ ತುಂಡಾದರೆ ಎಳೆಯ ಮೇಲೆ ರೇಗಿದೆ. ಟೀವಿಯಲ್ಲಿ ವಾರ್ತೆ ಓದುವ ಹೆಣ್ಣುಮಗಳ ಮೇಲೂ ರೇಗಿದೆ. ಆಕೆ ಮಾತ್ರ ಮುಖದ ಮೇಲಿನ ನಗೆ ಕಳೆದುಕೊಳ್ಳಲಿಲ್ಲ.

ಭಾವನ ಉಪಾಯ ಬೇರೆ. ಲಾಳಿಯೊಳಗೆ ನೂಲು ಸುತ್ತಿದ ಕಂಡಿಕೆ ಇರುತ್ತದಲ್ಲ, ಅದು ಖಾಲಿಯಾಗಲು ಏಳೆಂಟು ನಿಮಿಷ ಹಿಡಿಯುತ್ತದೆ. ಬೀಡಿಯ ನೆನಪಾದರೆ ಭಾವ, "ಈ ಕಂಡಿಕೆ ಮುಗೀಲಿ, ಆಮೇಲೆ ನೋಡಣ" ಎಂದು ತಮಗೆ ತಾವೇ ಹೇಳಿಕೊಳ್ಳುತ್ತಿದ್ದರು. ಮುಗಿಯುವಷ್ಟರಲ್ಲಿ ಆಸೆ ಸ್ವಲ್ಪ ತಗ್ಗಿರುತ್ತಿತ್ತು. ಇನ್ನೊಂದು ಕಂಡಿಕೆ ಹಾಕುತ್ತಿದ್ದರು. ಜೀವನಪರ್ಯಂತ ಬಿಡುತ್ತೇನೆ ಎಂದು ಅವರು ಯಾವ ದೇವರಿಗೂ ಹೇಳಲಿಲ್ಲ. ಏಳು ನಿಮಿಷಕ್ಕೆ ಮಾತ್ರ ಮಾತು ಕೊಟ್ಟು, ಅದನ್ನು ಉಳಿಸಿಕೊಳ್ಳುತ್ತಾ ಹೋದರು. ಜೀವನಪರ್ಯಂತದ ಆಣೆ ಹಾಕಿದ್ದವನು ನಾನು.

ಒಂಬತ್ತನೆಯ ದಿನ ಹುರಿ ಮಾಡಿಸಿದ ರೇಷ್ಮೆ ತರಲು ಪಕ್ಕದ ತಾಲ್ಲೂಕಿನ ವಿಜಯಪುರಕ್ಕೆ ಹೋದೆ. ಕೆಲಸ ಮುಗಿಸಿ ಬಸ್‌ಸ್ಟ್ಯಾಂಡಿಗೆ ಬಂದರೆ ಬಸ್ಸಿಲ್ಲ. ಪರವೂರು, ಗುರುತಿನವರು ಯಾರೂ ಇಲ್ಲ. ಪರವೂರಿನಲ್ಲಿ ಸೇದಿದ ಬೀಡಿ ನಮ್ಮೂರಿನ ಲೆಕ್ಕಕ್ಕೆ ಬರುತ್ತದೆಯೇ ಎಂದು ಧರ್ಮಸೂಕ್ಷ್ಮ ಯೋಚಿಸಿದೆ. ಬರುವುದಿಲ್ಲ ಎಂದು ತೀರ್ಮಾನವಾಯಿತು. ಒಂದು ಸಾಕಿತ್ತು. ಒಂದು ಕಟ್ಟು ಕೊಂಡೆ. ಉಳಿದದ್ದನ್ನು ಎಸೆಯಲು ಮನಸ್ಸು ಬಾರದೆ ಊರಿಗೆ ತಂದೆ.

ಅಲ್ಲಿಂದ ನಾನು ಕಳ್ಳನಾದೆ. ನಮ್ಮ ಹಿತ್ತಿಲಿನ ಆಚೆ ಒಂದು ಹಾಳುಬಾವಿ, ಅದರ ಮಗ್ಗುಲಲ್ಲಿ ಹೊಂಗೆ ಮರ. ಅದರ ಮರೆಯಲ್ಲಿ ಸೇದಿ, ಬಾಯಲ್ಲಿ ನಿಂಬೆ ಎಲೆ ಅಗಿದು, ಕೈಗೂ ಅದನ್ನೇ ತಿಕ್ಕಿಕೊಂಡು ಮಗ್ಗದ ಮುಂದೆ ಬಂದು ಸಾಧುವಿನ ಹಾಗೆ ನಿಲ್ಲುತ್ತಿದ್ದೆ. ಸಂಜೆ ಭಾವ ಕೇಳುತ್ತಿದ್ದರು:

"ಹೆಂಗೈತಪ್ಪ?"

"ನೆನಪೇ ಬರಲ್ಲ ಭಾವ."

"ನಿಂದು ಗಟ್ಟಿ ಮನಸ್ಸು ಕಣಯ್ಯ. ನಂಗೆ ಇವತ್ತೂ ಅಂಗಡಿ ಕಡೆ ಕಾಲೆಳೀತು. ನಿನ್ನ ಮುಖ ನೋಡ್ದೆ, ಸುಮ್ನಾದೆ."

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಈ ಮಾತು ಕೇಳಿದ ರಾತ್ರಿ ಊಟ ಸೇರಲಿಲ್ಲ. ಬೆಳಿಗ್ಗೆ ಎದ್ದವನು ಆ ಬೇಸರ ಕಳೆಯಲು ಒಂದು ಬೀಡಿ ಹಚ್ಚಿದೆ.

ಹೀಗೆ ಹನ್ನೊಂದು ದಿನ ನಡೆಯಿತು. ಬೇಸಿಗೆ ಬಂತು, ಮಧ್ಯಾಹ್ನದ ಹೊತ್ತು ಕರೆಂಟು ಹೋಗಲು ಶುರುವಾಯಿತು. ನಮ್ಮೂರಿನಲ್ಲಿ ಕರೆಂಟು ಹೋದರೆ ಇಡೀ ಬೀದಿಯ ಸದ್ದು ಒಮ್ಮೆಲೇ ನಿಲ್ಲುತ್ತದೆ, ಮನೆಮನೆಯಿಂದಲೂ ಗಂಡಸರು ಹೊರಗೆ ಬಂದು ಬೀಡಿ ಹಚ್ಚುತ್ತಾರೆ. ಅವತ್ತೂ ಬೀದಿಯಲ್ಲಿ ಹೊಗೆ ಎದ್ದಿತು. ನಾನು ಮೆಲ್ಲಗೆ ಹೊಂಗೆ ಮರದ ಹಿಂದೆ ಹೋಗಿ ಹಚ್ಚಿ, ಒಂದೇ ಒಂದು ದಮ್ಮು ಎಳೆದೆ. ತಲೆಯೆತ್ತಿದರೆ ಎದುರಿಗೆ ಭಾವ.

ಅವರು ಬೀದಿಯ ಹೊಗೆ ತಡೆಯಲಾರದೆ ಹಿತ್ತಿಲ ಕಡೆ ಬಂದಿದ್ದರು. ಬೈಯಲಿಲ್ಲ. ಪಕ್ಕದಲ್ಲಿ ಬಾವಿಯ ಕಟ್ಟೆಯ ಮೇಲೆ ಕೂತು ಕೈ ಚಾಚಿದರು.

"ಒಂದು ಕೊಡು."

"ಭಾವ..."

"ಕರೆಂಟಿಲ್ಲ. ಕಂಡಿಕೆ ಎಲ್ಲಿ ಮುಗೀತೈತೆ? ಒಂದು ಕೊಡೋ."

ಚಾಚಿದ ಕೈ ಹಿಂದಕ್ಕೆ ಸರಿಯಲಿಲ್ಲ. ಬೀಡಿ ಕಟ್ಟು ನನ್ನ ಜೇಬಿನಲ್ಲಿ, ಅಂಗಿಯ ಮೇಲಿನಿಂದಲೇ ಕಾಣುವಂತೆ ಉಬ್ಬಿತ್ತು. ಇಲ್ಲ ಅಂದರೆ ಸುಳ್ಳು. ಇದೆ ಎಂದು ಕೊಟ್ಟರೆ ಅಕ್ಕನ ಮುಖ ಹೇಗೆ ನೋಡಲಿ? ಬೇರೆ ದಾರಿ ಕಾಣದೆ ಜೀವನದಲ್ಲಿ ಅಪರೂಪಕ್ಕೆ ಮಾಡುವ ಕೆಲಸ ಮಾಡಿದೆ, ನಿಜ ಹೇಳಿದೆ. ವಿಜಯಪುರದ ಬಸ್‌ಸ್ಟ್ಯಾಂಡು, ಧರ್ಮಸೂಕ್ಷ್ಮ, ನಿಂಬೆ ಎಲೆ, ಎಲ್ಲವನ್ನೂ.

ಭಾವ ನನ್ನನ್ನೇ ನೋಡಿದರು. ಆಮೇಲೆ ನಗಲು ಶುರು ಮಾಡಿದರು.

"ಹಂಗಾದ್ರೆ ನಿಂಗೂ ಆಗ್ತಿಲ್ವಾ! ಅಯ್ಯೋ ಮಾರಾಯ, ಇಷ್ಟು ದಿನ ನಾನೊಬ್ನೇ ಕೈಲಾಗ್ದೋನು ಅಂದ್ಕೊಂಡು ಒಳಗೊಳಗೇ ಸತ್ತೋಗ್ತಿದ್ನಲ್ಲೋ!"

ನಗು ಕೆಮ್ಮಿಗೆ ತಿರುಗಿತು. ಎಷ್ಟು ಹೊತ್ತಾದರೂ ನಿಲ್ಲಲಿಲ್ಲ. ಬೆನ್ನು ನೀವಲು ಕೈಯಿಟ್ಟೆ. ಅಂಗಿಯ ಕೆಳಗೆ ಪಕ್ಕೆಲುಬುಗಳು ಒಂದೊಂದಾಗಿ ಬೆರಳಿಗೆ ಸಿಕ್ಕವು. ಚಿಕ್ಕಂದಿನಲ್ಲಿ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಊರೆಲ್ಲ ಸುತ್ತಿಸಿದ ಮನುಷ್ಯ. ಡಾಕ್ಟರು ಕಿಟಕಿಗೆ ಹಿಡಿದು ತೋರಿಸಿದ್ದು ನನಗೆ ಆಗ ಅರ್ಥವಾಯಿತು. ಕೆಮ್ಮು ನಿಂತಾಗ ನೋಡಿಕೊಂಡರೆ ನನ್ನ ಇನ್ನೊಂದು ಕೈಯಲ್ಲಿದ್ದ ಬೀಡಿ ಆರಿಹೋಗಿತ್ತು. ಬೀಡಿಯ ಗುಣವೇ ಅದು, ಸೇದದೆ ಬಿಟ್ಟರೆ ತಾನಾಗಿಯೇ ಆರುತ್ತದೆ. ಮತ್ತೆ ಹಚ್ಚಲು ಇಬ್ಬರೂ ಕಡ್ಡಿ ಗೀರಲಿಲ್ಲ.

"ಕರೆಂಟು ಬರೋವರ್ಗೂ ಏನಾದ್ರೂ ಮಾತಾಡೋ" ಅಂದರು ಭಾವ.

ಮಾತಾಡಿದೆವು. ಮೂರು ವಾರದಿಂದ ನಾವಿಬ್ಬರೂ ಸರಿಯಾಗಿ ಮಾತೇ ಆಡಿರಲಿಲ್ಲ ಅನ್ನುವುದು ಆಗ ಹೊಳೆಯಿತು. ಬೀಡಿ ಬಿಡುವ ಭರದಲ್ಲಿ ಚಪ್ಪಡಿಗೆ ಹೋಗುವುದನ್ನೂ ಬಿಟ್ಟಿದ್ದೆವು. ಅಕ್ಕನ ಮಗಳು ಬಸುರಿ ಅನ್ನುವ ಸುದ್ದಿಯನ್ನು ಭಾವ ನನಗೆ ಹೇಳಿದ್ದು ಆ ಬಾವಿಯ ಕಟ್ಟೆಯ ಮೇಲೆಯೇ. ಅಷ್ಟರಲ್ಲಿ ಬೀದಿಯ ಆ ತುದಿಯಲ್ಲಿ ಒಂದು ಮಗ್ಗ ಶುರುವಾಯಿತು, ಆಮೇಲೆ ಇನ್ನೊಂದು. ಕರೆಂಟು ಬಂದಿತ್ತು.

ಮಾರನೆಯ ದಿನದಿಂದ ಹುಬ್ಬು ಹಾರಿಸುವುದು ಮತ್ತೆ ಮೊದಲಾಯಿತು. ಹೊತ್ತಿಗೆ ಸರಿಯಾಗಿ ಹೋಗಿ ಚಪ್ಪಡಿಯ ಮೇಲೆ ಕೂರುತ್ತಿದ್ದೆವು, ಬರಿಗೈಯಲ್ಲಿ. ಆಸೆಯಾದರೆ "ಈಗ ಬೇಕು ಅನ್ನಿಸ್ತೈತೆ" ಎಂದು ಬಾಯಿಬಿಟ್ಟು ಹೇಳಬೇಕು, ಗಟ್ಟಿ ಮನಸ್ಸಿನ ನಾಟಕ ಆಡಕೂಡದು. ಇಷ್ಟೇ ಒಪ್ಪಂದ. ಆಮೇಲೂ ಭಾವ ಎರಡು ಸಲ ಜಾರಿದರು, ನಾನು ಮೂರು ಸಲ. ಜಾರಿದವನು ಇನ್ನೊಬ್ಬನಿಗೆ ಹೇಳುತ್ತಿದ್ದ, ಕೇಳಿದವನು ನಗುತ್ತಿದ್ದ, ಅಲ್ಲಿಗೆ ಮುಗಿಯುತ್ತಿತ್ತು. ದೀಪಾವಳಿಯ ಹೊತ್ತಿಗೆ ಇಬ್ಬರೂ ಪೂರ್ತಿ ನಿಲ್ಲಿಸಿದ್ದೆವು. ಭಾವನ ಕೆಮ್ಮು ಪೂರ್ತಿ ಹೋಗಲಿಲ್ಲ. ಆದರೆ ಮೊಮ್ಮಗುವನ್ನು ಎತ್ತಿಕೊಂಡು ಪೇಟೆಯ ತನಕ ಎಲ್ಲೂ ನಿಲ್ಲದೆ ನಡೆದು ಬರುವಷ್ಟು ಉಸಿರು ಉಳಿಯಿತು. ಇದಾಗಿ ಆರು ವರ್ಷ, ಇವತ್ತಿಗೂ ಮಗ್ಗದ ಮುಂದೆ ನಿಂತಿದ್ದಾರೆ.

ಮೊನ್ನೆ ಜಯಮ್ಮ ಕಾಫಿ ಲೋಟ ಹಿಡಿದುಕೊಂಡು ಹೊರಗೆ ಬಂದಳು. ನಾವು ಮಾತಾಡುತ್ತಾ ಕೂತು ಬಹಳ ಹೊತ್ತಾಗಿತ್ತು ಎಂದು ಕಾಣುತ್ತದೆ.

"ಬೀಡಿ ಇದ್ದಾಗ ಐದು ನಿಮಿಷಕ್ಕೆ ಎದ್ದು ಬರ್ತಿದ್ರಿ. ಈಗ ಅರ್ಧ ಗಂಟೆ ಆದ್ರೂ ಏಳಲ್ಲ. ಇದಕ್ಕಿಂತ ಬೀಡೀನೇ ವಾಸಿ ಇತ್ತು!"

"ನಿಜ ಕಣಮ್ಮ" ಅಂದರು ಭಾವ, ಲೋಟ ತೆಗೆದುಕೊಳ್ಳುತ್ತಾ. "ಅದಾದ್ರೆ ಸುಟ್ಟು ಮುಗೀತಿತ್ತು."