ಖಂಡೆ ಪೂಜೆಯ ದಿನ ಬರೆಯದೆ ಉಳಿದ ಬ್ಲಾಕುಗಳು

೧೯೭೭ರಲ್ಲಿ ನಾನು ಬಸವನ ಬಾಗೇವಾಡಿ ತಾಲ್ಲೂಕಿನ ಒಂದು ಕಾಲುವೆ ಸರ್ವೆ ಕ್ಯಾಂಪಿನಲ್ಲಿ ಸಿಸ್ಟಮ್ಸ್ ಪ್ರೋಗ್ರಾಮರ್ ಆಗಿದ್ದೆ. ಹುದ್ದೆಯ ಹೆಸರು ಹೇಳಿದರೆ ಮುದ್ದೇಬಿಹಾಳದ ನಮ್ಮ ಓಣಿಯಲ್ಲಿ ಯಾರಿಗೂ ತಿಳಿಯುತ್ತಿರಲಿಲ್ಲ. "ನೀರಿನ ಆಫೀಸಿನಾಗ ಮಷೀನ್ ನೋಡ್ಕೋತಾನ" ಎಂದು ನಮ್ಮವ್ವ ಒಂದೇ ಮಾತಿನಲ್ಲಿ ಮುಗಿಸುತ್ತಿದ್ದಳು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ತಗಡಿನ ಚಾವಣಿಯ ಆ ಕ್ಯಾಂಪಿನಲ್ಲಿ ತಣ್ಣಗಿದ್ದ ಕೋಣೆ ಒಂದೇ ಒಂದು, ಅದರಲ್ಲಿ ಒಂದು ಮಿನಿ ಕಂಪ್ಯೂಟರ್ ಇತ್ತು. ಸಾಹೇಬರಿಗೇ ಇಲ್ಲದ ಏರ್ ಕಂಡೀಷನರ್ ಅದಕ್ಕಿತ್ತು, ಆ ಬಗ್ಗೆ ಕ್ಯಾಂಪಿನವರಿಗೆಲ್ಲ ಹೊಟ್ಟೆಕಿಚ್ಚೂ ಇತ್ತು.

ಇಂಡಿ, ಸಿಂದಗಿ, ಬಾಗೇವಾಡಿ, ಮುದ್ದೇಬಿಹಾಳ ತಾಲ್ಲೂಕುಗಳ ನೆಲದ ಎತ್ತರಗಳನ್ನು, ಅಂದರೆ ಸರ್ವೆಯವರು ಲೆವೆಲ್ ಎನ್ನುವ ಅಂಕಿಗಳನ್ನು, ಆ ಯಂತ್ರಕ್ಕೆ ತುಂಬುತ್ತಿದ್ದೆವು. ಕಾಲುವೆ ಎಲ್ಲಿ ಹಾದರೆ ಪಂಪಿನ ಹಂಗಿಲ್ಲದೆ ನೀರು ತಾನೇ ಹರಿಯುತ್ತದೆ ಎಂದು ಅದು ಲೆಕ್ಕ ಹಾಕುತ್ತಿತ್ತು. ಹಾಕುತ್ತಿತ್ತು ಎನ್ನುವುದಕ್ಕಿಂತ ತೆವಳುತ್ತಿತ್ತು ಎನ್ನುವುದೇ ಸರಿ. ಅಂಕಿಗಳೆಲ್ಲ ಇದ್ದದ್ದು ಊಟದ ತಟ್ಟೆಯಷ್ಟಗಲದ ಒಂದು ಡಿಸ್ಕಿನ ಮೇಲೆ, ಬ್ಲಾಕ್ ಎಂಬ ಸಣ್ಣ ಸಣ್ಣ ತುಂಡುಗಳಾಗಿ. ಯಾವ ಬ್ಲಾಕನ್ನು ಯಾವಾಗ ಓದಬೇಕು, ಯಾವಾಗ ಬರೆಯಬೇಕು ಎಂದು ನಿರ್ಧರಿಸುವುದು ಆಪರೇಟಿಂಗ್ ಸಿಸ್ಟಮ್ಮಿನ ತಿರುಳಾದ ಕರ್ನಲ್. ನಮ್ಮ ಕರ್ನಲ್ಲಿನಲ್ಲಿ ಆ ಭಾಗ ತೀರಾ ಹಳೆಯದು. ಮೊದಲು ಕೇಳಿದವರನ್ನು ಮೊದಲು ಇಳಿಸುತ್ತೇನೆಂದು ಹಟ ಹಿಡಿದ ಬಸ್ ಡ್ರೈವರನ ಹಾಗೆ ಅದು ಇಂಡಿಯಿಂದ ಮುದ್ದೇಬಿಹಾಳಕ್ಕೆ ಓಡಿ, ಹಿಂದಕ್ಕೆ ಸಿಂದಗಿಗೆ ಬಂದು, ಮತ್ತೆ ಬಾಗೇವಾಡಿಗೆ ಹೋಗುತ್ತಿತ್ತು. ಡಿಸ್ಕಿನ ಮೇಲೆ ಓದಿ ಬರೆಯುವ ಹೆಡ್ ಆಚೀಚೆ ಓಡಾಡಿ ಸುಸ್ತಾಗುವುದರಲ್ಲೇ ದಿನ ಹೋಗುತ್ತಿತ್ತು.

ಆ ಬೇಸಿಗೆಯಲ್ಲಿ ನಾನು ಕರ್ನಲ್ಲಿನ ಆ ಭಾಗವನ್ನು, ನಮ್ಮ ಮಾತಿನಲ್ಲಿ ಆ ಪದರವನ್ನು, ಹೊಸದಾಗಿ ಬರೆದೆ. ಬಂದ ಬೇಡಿಕೆಗಳನ್ನು ಡಿಸ್ಕಿನ ಮೇಲಿನ ಸ್ಥಾನಕ್ಕೆ ಅನುಸಾರವಾಗಿ ಸಾಲು ಹಚ್ಚಿ, ಒಂದೇ ಸುತ್ತಿನಲ್ಲಿ ಪೂರೈಸುವಂತೆ ಮಾಡಿದೆ. ಜೊತೆಗೆ ಇನ್ನೊಂದು ಅನುಕೂಲ: ಬರೆಯಬೇಕಾದ ಬ್ಲಾಕುಗಳನ್ನು ಕೂಡಲೇ ಬರೆಯದೆ, ಕೆಲವನ್ನು ಮೆಮೊರಿಯಲ್ಲೇ ತಡೆದಿಟ್ಟುಕೊಂಡು, ಆಮೇಲೆ ಒಟ್ಟಿಗೆ ಬರೆಯುವುದು. ಅದಕ್ಕೆ ಒಂದೇ ಷರತ್ತು. ಯಂತ್ರ ಆಫ್ ಮಾಡುವ ಮುಂಚೆ ಒಂದು ಆಜ್ಞೆ ಟೈಪ್ ಮಾಡಿ, ಉಳಿದದ್ದನ್ನೆಲ್ಲ ಡಿಸ್ಕಿಗೆ ಬರೆಸಬೇಕು. ಇದನ್ನು ಕಂಪ್ಯೂಟರ್ ಕೋಣೆಗೆ ಬರುವ ಪ್ರತಿಯೊಬ್ಬರಿಗೂ ಹೇಳಿದ್ದೆ, ಗೋಡೆಗೂ ಅಂಟಿಸಿದ್ದೆ. ಲೆಕ್ಕ ಸರಸರನೆ ಸಾಗತೊಡಗಿತು. ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ಇದರಿಂದ ನನಗಿಂತ ಹೆಚ್ಚು ಖುಷಿಪಟ್ಟವನು ಓವರ್‌ಸಿಯರ್ ಸಂಗಪ್ಪ. ಇಂಡಿ ಕಡೆಯವನು, ಮಾತು ಕಡಿಮೆ, ಹಟ ಜಾಸ್ತಿ. ಅವನ ತಾಲ್ಲೂಕಿನ ಮೊದಲ ಸರ್ವೆಯಲ್ಲಿ ಲೆವೆಲ್ಲುಗಳು ತಪ್ಪಿ, ಇಂಡಿ ಕವಲು ಕಾಲುವೆಗೆ ನೀರು ಹತ್ತುವುದೇ ಇಲ್ಲವೆಂದು ಯಂತ್ರ ಹೇಳಿತ್ತು. ಅವನು ಎರಡು ಬೇಸಿಗೆ ಬಿಸಿಲಿನಲ್ಲಿ ತಿರುಗಿ ಹೊಸದಾಗಿ ಅಳೆದು ತಂದಿದ್ದ.

"ಕಾಗದದಾಗ ನಮ್ಮ ಕಡೆ ನೀರು ಗುಡ್ಡ ಹತ್ತಬೇಕು ಅಂತೈತ್ರಿ. ನೆಲದಾಗ ತಾನ ಇಳದ ಹೋಗ್ತೈತಿ. ನಾ ನಡದ ನೋಡೇನ್ರಿ" ಎನ್ನುತ್ತಿದ್ದ.

ದಸರಾ ಮುಗಿದ ವಾರದಲ್ಲೇ ಮೇಲಧಿಕಾರಿಗಳ ಸಭೆಯಿತ್ತು. ಅಲ್ಲಿ ನಕ್ಷೆ ಅಂತಿಮವಾಗುತ್ತಿತ್ತು. ಅಷ್ಟರೊಳಗೆ ಹೊಸ ಲೆಕ್ಕ ತೋರಿಸದಿದ್ದರೆ ಇಂಡಿ ಕವಲನ್ನು ನಕ್ಷೆಯಿಂದ ಅಳಿಸಿಬಿಡುವುದು ಖಚಿತವಾಗಿತ್ತು. ಹಾಗಾಗಿ ಮಹಾನವಮಿಯ ಬೆಳಿಗ್ಗೆಯೂ ನಾವಿಬ್ಬರೇ ಕೂತು, ಅವನ ಲೆವೆಲ್ಲುಗಳನ್ನು ತೂತುಗಳಾಗಿ ಹೊಡೆದ ಕಾರ್ಡುಗಳನ್ನು ಯಂತ್ರಕ್ಕೆ ಉಣಿಸಿದೆವು. ಕೊನೆಯ ಕಂತೆ ಒಳಗೆ ಹೋಯಿತು. ಸಂಗಪ್ಪ ನಿಟ್ಟುಸಿರು ಬಿಟ್ಟು ಬೆನ್ನು ನೇರ ಮಾಡಿದ. ಅಷ್ಟರಲ್ಲಿ ದೀಪ, ಫ್ಯಾನು, ಯಂತ್ರ ಎಲ್ಲವೂ ಒಮ್ಮೆಲೇ ಸತ್ತವು.

ನಮ್ಮ ಕೋಣೆಗೆ ವಿದ್ಯುತ್ ಬರುತ್ತಿದ್ದದ್ದು ಕ್ಯಾಂಪಿನ ಜನರೇಟರಿನಿಂದ. ಅದು ಎಂದೂ ಕೈಕೊಟ್ಟದ್ದಿಲ್ಲ. ನಾನು ಓಡಿ ಹೋಗಿ ಶೆಡ್ಡಿನಲ್ಲಿ ನೋಡಿದರೆ ಜನರೇಟರಿಗೆ ಚೆಂಡು ಹೂವಿನ ಮಾಲೆ ಬಿದ್ದಿದೆ, ಫೋರ್‌ಮನ್ ಈರಣ್ಣ ಸ್ನಾನ ಮಾಡಿ ಮಡಿಯುಟ್ಟು ಸ್ಪ್ಯಾನರುಗಳಿಗೆಲ್ಲ ವಿಭೂತಿ ಹಚ್ಚುತ್ತಿದ್ದಾರೆ. ಖಂಡೆ ಪೂಜೆ! ನಮ್ಮ ಕಡೆ ಆ ದಿನ ದುಡಿಯುವ ಆಯುಧಗಳಿಗೆಲ್ಲ ವಿಶ್ರಾಂತಿ. ಪ್ರತಿ ವರ್ಷ ಅವರು ಊಟದ ನಂತರ ಜನರೇಟರ್ ನಿಲ್ಲಿಸುತ್ತಿದ್ದರು. ಈ ಸಲ ರಾಹುಕಾಲ ತಪ್ಪಿಸಲು ಬೆಳಿಗ್ಗೆಯೇ ನಿಲ್ಲಿಸಿದ್ದರು.

"ಈರಣ್ಣಾ, ಒಂದ ಮಾತ ಹೇಳಬಾರದೇನ್ರಿ!" ಎಂದು ನಾನು ಕೂಗಾಡಿದೆ.

ಅವರು ಶಾಂತವಾಗಿ ತಲೆಯೆತ್ತಿದರು. "ವರ್ಷಾ ಇದನ್ನ ಮಾಡ್ಕೋತ ಬಂದೇವಲ್ರಿ ಸಾಹೇಬ್ರ. ಹ್ವಾದ ವರ್ಷ ಏನರ ಆತೇನು?"

ಆಗಿರಲಿಲ್ಲ, ನಿಜ. ಹಳೆಯ ಪದರ ದಡ್ಡತನದ್ದಾದರೂ ಪ್ರತಿ ಬ್ಲಾಕನ್ನೂ ಆಗಿಂದಾಗಲೇ ಬರೆದು ಕೈ ತೊಳೆದುಕೊಳ್ಳುತ್ತಿತ್ತು. ಆ ಪದರ ಬದಲಾಗಿದೆ ಎಂದು ಜನರೇಟರ್ ಶೆಡ್ಡಿಗೆ ಹೋಗಿ ಹೇಳಬೇಕೆಂದು ಕ್ಯಾಂಪಿನಲ್ಲಿ ಯಾರಿಗೆ ತಾನೇ ಹೊಳೆದೀತು?

ಕೂಡಲೇ ಚಾಲೂ ಮಾಡಿ ಎಂದು ಬೇಡಿಕೊಂಡೆ. ಈರಣ್ಣ ತಲೆಯಲ್ಲಾಡಿಸಿದರು. "ನಾಳಿ ಬನ್ನಿ ಕೊಡೂತನಕ ಇದಕ್ಕ ಯಾರೂ ಕೈ ಹಚ್ಚಂಗಿಲ್ರಿ. ನಾನೂ ಹಚ್ಚಂಗಿಲ್ಲ, ನೀವೂ ಹಚ್ಚಬ್ಯಾಡ್ರಿ."

ನಮ್ಮ ಎಕ್ಸಿಕ್ಯುಟಿವ್ ಇಂಜಿನಿಯರ್ ಮೈಸೂರು ಕಡೆಯವರು. ಅವರ ಹತ್ತಿರ ದೂರು ಒಯ್ದರೆ, "ಹಬ್ಬದ ದಿನ ಯಾಕ್ರೀ ರಗಳೆ? ನಾಳೆ ಸಂಜೆ ನೋಡೋಣ ಬಿಡಿ" ಎಂದು ಪೇಪರಿನಲ್ಲಿ ಮುಖ ಮುಚ್ಚಿಕೊಂಡರು.

ಮೆಮೊರಿಯಲ್ಲಿ ಉಳಿದಿದ್ದ ಬ್ಲಾಕುಗಳು ಬೆರಳೆಣಿಕೆಯಷ್ಟು. ಆದರೆ ಯಾವ ಅಂಕಿ ಡಿಸ್ಕಿನ ಯಾವ ಜಾಗದಲ್ಲಿದೆ ಎಂದು ಹೇಳುವ ಬ್ಲಾಕುಗಳೂ ಅವುಗಳಲ್ಲೇ ಸೇರಿದ್ದವು. ಅವು ಹೋದರೆ ಸಂಗಪ್ಪನ ಇಂಡಿ ಡಿಸ್ಕಿನ ಮೇಲಿದ್ದೂ ಇಲ್ಲದಂತೆ. ಇನ್ನೊಂದು ಡಿಸ್ಕಿನಲ್ಲಿದ್ದ ನಕಲು ಹಳೆಯದು, ಅದರಲ್ಲಿ ಅವನ ತಿದ್ದುಪಡಿ ಒಂದೂ ಇರಲಿಲ್ಲ.

"ಮತ್ತ ಮೊದಲಿಂದ ಹಾಕಿದ್ರ ಮೀಟಿಂಗಿಗೆ ಮುಟ್ಟೂದಿಲ್ಲೇನ್ರಿ?" ಎಂದು ಅವನು ಕೇಳಿದ.

"ಮುಟ್ಟೂದಿಲ್ಲ ಸಂಗಪ್ಪ" ಎಂದೆ. ಅವನು ಕಾರ್ಡುಗಳನ್ನು ಜೋಡಿಸಿ ಮತ್ತೆ ಕಂತೆ ಕಟ್ಟತೊಡಗಿದ. ನನ್ನನ್ನು ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಮಧ್ಯಾಹ್ನ ಈರಣ್ಣ ನಮ್ಮಿಬ್ಬರನ್ನೂ ಶೆಡ್ಡಿಗೆ ಕರೆದೊಯ್ದು ಹೋಳಿಗೆ ಬಡಿಸಿದರು. ಸಿಟ್ಟಿನಲ್ಲಿದ್ದರೂ ತಿಂದೆ, ಹೋಳಿಗೆಯ ಮೇಲೆ ನನಗೇನೂ ಜಗಳವಿರಲಿಲ್ಲ. ತುಪ್ಪ ಹಾಕಿಸಿಕೊಳ್ಳುವಾಗ, ಮಾಲೆ ಹಾಕಿಕೊಂಡು ಸುಮ್ಮನೆ ಕೂತಿದ್ದ ಆ ಕಬ್ಬಿಣದ ಮೇಲೆ ಕಣ್ಣು ಬಿತ್ತು. ಆಗ ತಲೆಯೊಳಗೆ ಏನೋ ಕಳಕ್ಕೆಂದಿತು.

ನಮ್ಮ ಯಂತ್ರದ್ದು ಕೋರ್ ಮೆಮೊರಿ. ಸಾಸಿವೆಗಿಂತಲೂ ಸಣ್ಣ ಕಾಂತದ ಉಂಗುರಗಳನ್ನು ಸಣ್ಣ ತಂತಿಗಳಲ್ಲಿ ಪೋಣಿಸಿ ಮಾಡಿದ ಜಾಲರಿ ಅದು. ಪ್ರತಿ ಉಂಗುರವೂ ಯಾವ ದಿಕ್ಕಿಗೆ ಕಾಂತವಾಗಿದೆಯೋ ಹಾಗೆಯೇ ಇರುತ್ತದೆ, ವಿದ್ಯುತ್ ಹೋದರೂ ಸರಿಯೇ. ಅಂದರೆ ಬರೆಯದೆ ಉಳಿದ ಬ್ಲಾಕುಗಳು ಎಲ್ಲಿಗೂ ಹೋಗಿಲ್ಲ! ಆದರೆ ಕರೆಂಟು ಬಂದ ಕೂಡಲೇ ಯಂತ್ರ ತಾನಾಗಿಯೇ ಡಿಸ್ಕಿನಿಂದ ಕರ್ನಲ್ಲನ್ನು ಹೊಸದಾಗಿ ತಂದು, ಅದೇ ಮೆಮೊರಿಯ ಮೇಲೆ ಹಾಸಿಬಿಡುತ್ತದೆ. ಈರಣ್ಣ ಬೆಳಿಗ್ಗೆ ನನ್ನ ಮಾತು ಕೇಳಿ ಜನರೇಟರ್ ಚಾಲೂ ಮಾಡಿದ್ದರೆ, ಆ ಗಳಿಗೆಯಲ್ಲೇ ಎಲ್ಲ ಅಳಿಸಿಹೋಗುತ್ತಿತ್ತು. ಬನ್ನಿ ಕೊಡುವತನಕ ಕೈ ಹಚ್ಚಬಾರದೆಂಬ ಅವರ ಹಟವೇ ಸಂಗಪ್ಪನ ಇಂಡಿಯನ್ನು ಕಾಯುತ್ತಿತ್ತು.

ಹೋಳಿಗೆ ಅರ್ಧಕ್ಕೇ ಬಿಟ್ಟು ಓಡಿದೆ. ಯಂತ್ರದ ಮುಂಭಾಗದ ಹಾಲ್ಟ್ ಸ್ವಿಚ್ ಒತ್ತಿಟ್ಟು, ಯಾರೂ ಮುಟ್ಟದಂತೆ ಅದರ ಮೇಲೆ ಟೇಪು ಅಂಟಿಸಿದೆ. ಹಾಗೆ ಮಾಡಿದರೆ ಕರೆಂಟು ಬಂದರೂ ನಾವು ಹೇಳುವತನಕ ಯಂತ್ರ ಕದಲುವುದಿಲ್ಲ.

ಮರುದಿನ ವಿಜಯದಶಮಿಯ ಸಂಜೆ ಊರಿನವರೆಲ್ಲ ಬನ್ನಿ ಮುಡಿದು ಬಂದರು. ಈರಣ್ಣ ನನ್ನ ಕೈಗೆ ಎಲೆಗಳನ್ನಿಟ್ಟು, "ಬನ್ನಿ ತೊಗೊಂಡು ಬಂಗಾರದಂಗ ಇರೂನ್ರಿ ಸಾಹೇಬ್ರ" ಎಂದರು. ವಯಸ್ಸಿನಲ್ಲಿ ಹಿರಿಯರು, ನಾನು ಬಗ್ಗಿ ಕಾಲು ಮುಟ್ಟಿದೆ. ಅವರು ಸೀದಾ ಹೋಗಿ ಜನರೇಟರ್ ಚಾಲೂ ಮಾಡಿದರು.

ಡಿಸ್ಕ್ ತಿರುಗಿ ಪೂರ್ತಿ ವೇಗಕ್ಕೆ ಬರುವತನಕ ಕಾದೆವು. ಉಳಿದ ಬ್ಲಾಕುಗಳನ್ನು ಬರೆಸುವ ತುಣುಕು ಮೆಮೊರಿಯ ಯಾವ ವಿಳಾಸದಲ್ಲಿದೆ ಎಂಬುದು ಪ್ರೋಗ್ರಾಮಿನ ಅಚ್ಚುಪ್ರತಿಯಲ್ಲಿತ್ತು. ಸಂಗಪ್ಪ ಹೊಲದಲ್ಲಿ ಲೆವೆಲ್ ಓದುವ ಹಾಗೆ ಒಂದೊಂದು ಅಂಕಿಯನ್ನೂ ಎರಡೆರಡು ಸಲ ಓದಿದ, ನಾನು ಆ ವಿಳಾಸಕ್ಕೆ ತಕ್ಕಂತೆ ಯಂತ್ರದ ಮುಂಭಾಗದ ಸ್ವಿಚ್ಚುಗಳನ್ನು ಮೇಲೆ ಕೆಳಗೆ ಮಾಡಿದೆ. ಒಂದು ಸ್ವಿಚ್ ತಪ್ಪಿದರೆ ಯಂತ್ರ ಮತ್ತೇನನ್ನೋ ಓಡಿಸುತ್ತಿತ್ತು.

ಟೇಪು ಕಿತ್ತು, ಹಾಲ್ಟ್ ಬಿಡಿಸಿ, ಸ್ಟಾರ್ಟ್ ಒತ್ತಿದೆ. ಡಿಸ್ಕಿನ ದೀಪ ಪಟಪಟನೆ ಮಿನುಗಿ ನಿಂತಿತು. ಆಮೇಲೆ ಕರ್ನಲ್ ಏರಿಸಿ, ಇಂಡಿಯ ಫೈಲು ಕೇಳಿದೆ. ಟೆಲಿಟೈಪ್ ಕಟಕಟನೆ ಲೆವೆಲ್ಲುಗಳನ್ನು ಹೊಡೆಯತೊಡಗಿತು. ಸಂಗಪ್ಪ ಕಾಗದ ಹಿಡಿದು ಕೊನೆಯ ಸಾಲಿನವರೆಗೂ ಬೆರಳಾಡಿಸಿದ.

"ಎಲ್ಲಾ ಐತ್ರಿ" ಎಂದ. ಅವನ ಕಣ್ಣು ತುಂಬಿತ್ತು, ನನ್ನದೂ.

ಸಭೆಯಲ್ಲಿ ಹೊಸ ಲೆಕ್ಕ ಮೇಜಿನ ಮೇಲಿತ್ತು. ನೀರು ತಾನೇ ಇಳಿಯುತ್ತದೆ ಎಂದು ಕಾಗದವೂ ಒಪ್ಪಿತು, ಇಂಡಿ ಕವಲು ನಕ್ಷೆಯಲ್ಲಿ ಉಳಿಯಿತು. ನಾನು ಆ ಪದರವನ್ನು ಮತ್ತೊಮ್ಮೆ ತಿದ್ದಿ, ವಿದ್ಯುತ್ ಹೋದ ಮೇಲೆ ಯಂತ್ರ ಎದ್ದ ತಕ್ಷಣ ಮೊದಲು ಉಳಿದ ಬ್ಲಾಕುಗಳನ್ನು ಬರೆದು, ನಂತರವೇ ಕರ್ನಲ್ ಏರಿಸುವಂತೆ ಮಾಡಿದೆ.

ಆಮೇಲೆ ಎಷ್ಟೋ ಯಂತ್ರಗಳಲ್ಲಿ ಇದೇ ಕೆಲಸ ಮಾಡಿದ್ದೇನೆ. ಕೆಳಗಿನ ಪದರ ಬದಲಿಸುವವನು ಅದರ ಮೇಲೆ ಕೂತ ಪ್ರೋಗ್ರಾಮುಗಳನ್ನಷ್ಟೇ ನೋಡಿದರೆ ಸಾಲದು, ಆ ಹಳೆಯ ಪದರವನ್ನು ನಂಬಿ ಯಾರು ಯಾರು ಯಾವ ರೂಢಿ ಬೆಳೆಸಿಕೊಂಡಿದ್ದಾರೆ ಎಂಬುದನ್ನೂ ತಿಳಿದುಕೊಳ್ಳಬೇಕು. ಈ ಪಾಠ ನನಗೆ ಸಿಕ್ಕಿದ್ದು ಆ ಶೆಡ್ಡಿನಲ್ಲಿ.

ಮುಂದಿನ ವರ್ಷದ ಮಹಾನವಮಿಯಂದು ನಮ್ಮ ಕೋಣೆಯ ಬಾಗಿಲು ತಟ್ಟಿದ ಸದ್ದಾಯಿತು. ಮಡಿಯುಟ್ಟ ಈರಣ್ಣ ಕೈಯಲ್ಲಿ ತೆಂಗಿನಕಾಯಿ ಹಿಡಿದು ನಿಂತಿದ್ದರು.

"ನಿಮ್ಮ ಮಷೀನಿಂದು ಬರೆಯೂದೆಲ್ಲಾ ಬರದ ಮುಗೀತೇನ್ರಿ ಸಾಹೇಬ್ರ? ಬಂದ್ ಮಾಡ್ಲ್ಯಾ?"

ನಾನು ಆಜ್ಞೆ ಟೈಪ್ ಮಾಡಿದೆ. ಡಿಸ್ಕಿನ ದೀಪ ಮಿನುಗಿ ನಿಂತಿತು. "ಮುಗೀತ್ರಿ ಈರಣ್ಣಾ, ಬಂದ್ ಮಾಡ್ರಿ. ನಾವೂ ಪೂಜಾಕ್ಕ ಬರ್ತೇವಿ" ಎಂದೆ.